ಚಿತ್ರದಲ್ಲಿರುವ ವಾದ್ಯವನ್ನು ನುಡಿಸುವವರಿಗೂ ಒಮ್ಮೆ ತೋರಿಸಿ

ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ವಿಜಯಪುರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಭವನ ಕಟ್ಟಿಸಿ, ಉತ್ಸವ ಮಾಡಿಸಿ ಅಂತ ಕೇಳುವ ಪತ್ರ ಅಲ್ಲ ಇದು. ಜಾಸ್ತಿ ದುಡ್ಡು ಬೇಡದ ಒಂದು ಕೆಲಸ ಕೇಳುತ್ತಿದ್ದೇನೆ. ನಮ್ಮ ಸಂಗ್ರಹಾಲಯಗಳ ಹಳೆಯ ಚಿತ್ರಗಳಲ್ಲಿ ಕೂತಿರುವ ಸಂಗೀತಗಾರರು ಯಾರು, ಅವರ ಕೈಯಲ್ಲಿರುವ ವಾದ್ಯ ಯಾವುದು ಅಂತ ಸರಿಯಾಗಿ ಗುರುತಿಸಿ ಬರೆಸಿ. ಆ ಕೆಲಸಕ್ಕೆ ವಾದ್ಯ ನುಡಿಸುವವರನ್ನೂ ವಾದ್ಯ ಮಾಡುವವರನ್ನೂ ಕರೆಸಿ.

ನಮ್ಮೂರ ದೊರೆಯಿಂದಲೇ ಶುರು ಮಾಡುತ್ತೇನೆ. ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಇಲ್ಲಿ ಆಳಿದ. ಅವನ ಎರಡು ಒಳ್ಳೆಯ ಚಿತ್ರಗಳು ನಮ್ಮಿಂದ ಬಹಳ ದೂರ ಇವೆ. ಒಂದು ಪ್ರಾಗ್ ನಗರದ ನಾಪ್ರ್‌ಸ್ಟೆಕ್ ಸಂಗ್ರಹಾಲಯದಲ್ಲಿದೆ. ಫರ್ರುಖ್ ಬೇಗ್ ಬರೆದದ್ದು. ಉದ್ದ ಕುತ್ತಿಗೆಯ ತಂಬೂರ್ ಹಿಡಿದು ಒಬ್ಬ ಕೂತು ನುಡಿಸುತ್ತಿದ್ದಾನೆ. ಚಿತ್ರದ ಜೊತೆಗಿರುವ ಬರಹದಲ್ಲಿ ಇವನು ವಿಜಯಪುರದ ಇಬ್ರಾಹಿಂ ಅಂತ ಇದೆ. ಆ ಬರಹ ಇಲ್ಲದೆ ಹೋಗಿದ್ದರೆ? ಯಾರೋ ಆಸ್ಥಾನದ ವಾದಕ ಇರಬೇಕು ಅಂದುಕೊಂಡು ಮುಂದೆ ಹೋಗಿಬಿಡುತ್ತಿದ್ದೆವು. ತಂಬೂರ್ ಹಿಡಿದು ಕೂತ ಮನುಷ್ಯನೇ ಸಿಂಹಾಸನದ ಒಡೆಯ ಅಂತ ಯಾರಿಗೆ ಹೊಳೆಯಬೇಕು!

ಇಬ್ರಾಹಿಂ ತನ್ನ ತಂಬೂರ್‌ಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ಅವನೇ ಬರೆದ ಹಾಡುಗಳ ಪುಸ್ತಕ ಕಿತಾಬ್-ಎ-ನವರಸ್‌ನಲ್ಲಿ ಆ ಹೆಸರು ಬರುತ್ತದೆ. ಹಾಗಾಗಿ ಚಿತ್ರ ನೋಡಿದ ಕೂಡಲೇ 'ಇದೇ ಮೋತಿಖಾನ್' ಅಂತ ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ನನಗೂ ಆಗುತ್ತದೆ. ಆದರೆ ದೊರೆಯ ಹೆಸರಿಗೆ ಬರಹದ ಆಧಾರ ಇದೆ. ವಾದ್ಯದ ಹೆಸರು ನಾವು ಅವನ ಪುಸ್ತಕ ಓದಿ ಮಾಡಿದ ಊಹೆ. ಎರಡನ್ನೂ ಒಂದೇ ಫಲಕದ ಮೇಲೆ ಒಂದೇ ಧಾಟಿಯಲ್ಲಿ ಬರೆದರೆ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಇನ್ನೊಂದು ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಲ್ಲಿ ಇಬ್ರಾಹಿಂ ನಿಂತಿದ್ದಾನೆ, ಕೈಯಲ್ಲಿ ಚಿಪಳಿ ಇದೆ. ದಾಸರ ಚಿಟಿಕೆ, ಕೀರ್ತನಕಾರರ ಕರತಾಳ, ಅದರ ಬಳಗವೇ. ನಾನು ಓಣಿಯ ಭಜನಾ ಮೇಳದಲ್ಲಿ ಚಿಪಳಿ ಹಿಡಿಯುವವನು. ನಮ್ಮ ಮೇಳದ ಹಿರಿಯರಿಗೆ ಮೊಬೈಲಿನಲ್ಲಿ ಈ ಚಿತ್ರ ತೋರಿಸಿದೆ. ಯಾವ ದೊರೆ ಅಂತ ಅವರಿಗೆ ಗೊತ್ತಾಗಲಿಲ್ಲ. 'ತಾಳ ಹಾಕುವವನ ಕೈ ಇದು' ಅಂದರು. ಕಲಾ ಇತಿಹಾಸ ಓದಿದವರು ಪೋಷಾಕು, ಪೇಟ, ಆಭರಣ ನೋಡಿ ಆಸ್ಥಾನ ಯಾವುದು, ಕಾಲ ಯಾವುದು ಅಂತ ಹೇಳಬಲ್ಲರು. ಅದು ನಮ್ಮಿಂದ ಆಗುವ ಕೆಲಸವಲ್ಲ. ಬೆರಳು ಎಲ್ಲಿ ಕೂತಿದೆ, ಕೈ ನುಡಿಸುತ್ತಿದೆಯೋ ಸುಮ್ನೆ ಹಿಡಿದುಕೊಂಡಿದೆಯೋ, ಅದನ್ನು ಮೇಳದವರಿಗೆ ಬಿಡಿ.

ಭಂಗಿಯೂ ಒಂದು ಸುಳಿವು. ಮೊಗಲರ ರಾಯಭಾರಿ ಅಸದ್ ಬೇಗ್ ವಿಜಯಪುರಕ್ಕೆ ಬಂದಾಗ ಇಬ್ರಾಹಿಂ ಅವನನ್ನು ತಾನ್‌ಸೇನನ ಬಗ್ಗೆ ಕೇಳಿದನಂತೆ. ಅಕ್ಬರನ ಮುಂದೆ ಅವನು ನಿಂತು ಹಾಡುತ್ತಿದ್ದನೋ, ಕೂತು ಹಾಡುತ್ತಿದ್ದನೋ ಅಂತ. ದರ್ಬಾರಿನಲ್ಲಿ ನಿಲ್ಲಬೇಕು, ಬೇರೆ ಹೊತ್ತಿನಲ್ಲಿ ಕೂರಬಹುದು ಅನ್ನುವ ಅರ್ಥದ ಉತ್ತರ ಸಿಕ್ಕಿತು. ಅಂದರೆ ಚಿತ್ರದಲ್ಲಿ ಹಾಡುಗಾರ ಕೂತಿದ್ದಾನೋ ನಿಂತಿದ್ದಾನೋ ಅನ್ನುವುದು ಚಿತ್ರಗಾರನ ಮನಸ್ಸಿಗೆ ಬಂದಂತೆ ಆದದ್ದಲ್ಲ. ಅದು ಎಂಥ ಸಭೆ, ಅಲ್ಲಿ ಅವನ ಸ್ಥಾನ ಏನು ಅಂತ ಅದರಿಂದಲೇ ತಿಳಿಯುತ್ತದೆ.

ಈಗ ನನ್ನ ದೂರು. ಊರು ಬೇಡ, ಹೆಸರು ಬೇಡ. ಒಂದು ಸಂಗ್ರಹಾಲಯದಲ್ಲಿ 'ವೀಣೆ ನುಡಿಸುತ್ತಿರುವ ಮಹಿಳೆ' ಅಂತ ಫಲಕ ಹಾಕಿದ ಚಿತ್ರ ನೋಡಿದೆ. ವಾದ್ಯಕ್ಕೆ ಬೆರಳು ಒತ್ತಿ ಸ್ವರ ನುಡಿಸುವ ಮೆಟ್ಟಿಲು ಒಂದೂ ಇಲ್ಲ. ನಾಲ್ಕೇ ತಂತಿ. ಹೆಗಲಿಗೆ ಆನಿಸಿ ನೇರ ಹಿಡಿದಿದ್ದಾಳೆ. ಬಾಯಿ ತುಸು ತೆರೆದಿದೆ. ಅದು ಹಾಡಿಗೆ ಶ್ರುತಿ ಹಿಡಿಯುವ ತಂಬೂರಿ, ಆಕೆ ಹಾಡುಗಾರ್ತಿ. ಅಲ್ಲಿದ್ದವರಿಗೆ ಹೇಳಿದರೆ 'ಪುಸ್ತಕದಲ್ಲಿ ಬರೆದು ಹೋಗಿ' ಅಂದರು. ಬರೆದೆ. ಮತ್ತೆ ಹೋದಾಗಲೂ ಫಲಕ ಹಾಗೇ ಇತ್ತು. ಹಾಡುವವಳನ್ನು ವಾದಕಿ ಮಾಡಿದರೆ ಏನು ನಷ್ಟ ಅಂತ ನೀವು ಕೇಳಬಹುದು. ಆ ಕಾಲದ ವೀಣೆ ಹೇಗಿತ್ತು ಅಂತ ನಾಳೆ ಯಾರೋ ವಿದ್ಯಾರ್ಥಿ ಈ ಚಿತ್ರವನ್ನೇ ಆಧಾರ ಮಾಡಿಕೊಂಡು ಬರೆಯುತ್ತಾನೆ. ಇನ್ನೊಬ್ಬ ಅದನ್ನು ಎತ್ತಿ ಹೇಳುತ್ತಾನೆ. ತಪ್ಪು ಬೇರು ಬಿಡುವುದು ಹಾಗೆಯೇ, ಅಲ್ವಾ?

ನೋಡುವುದು ಅಂಥ ಕಷ್ಟದ ವಿದ್ಯೆಯೇನೂ ಅಲ್ಲ. ತಂತಿ ಬಿಗಿಯುವ ಬಿರಡೆ ಎಣಿಸಿದರೆ ತಂತಿ ಎಷ್ಟು ಅಂತ ಗೊತ್ತಾಗುತ್ತದೆ. ಇವತ್ತಿನ ವೀಣೆಗೆ ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು, ಮೆಟ್ಟಿಲು 24. ಈ 24 ಮೆಟ್ಟಿಲುಗಳನ್ನು ಮೇಣದಲ್ಲಿ ಭದ್ರವಾಗಿ ಕೂರಿಸಿದ್ದು 17ನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಅನ್ನುತ್ತಾರೆ. ದಂಡಿಯ ಎರಡೂ ಕಡೆ ದೊಡ್ಡ ಸೋರೆ ಬುರುಡೆ ಇದ್ದರೆ ಅದು ರುದ್ರವೀಣೆ ಇರಬಹುದು. ಪಿಟೀಲಿಗೆ ಏಳು ಬಿರಡೆ ಕಂಡರೆ, ಏಳು ತಂತಿಯ ಪಿಟೀಲು ನುಡಿಸಿದ ಮೈಸೂರು ಟಿ. ಚೌಡಯ್ಯನವರು ನೆನಪಾಗಲೇಬೇಕು. ಒಂದು ಎಚ್ಚರವೂ ಬೇಕು. ಮೈಸೂರು, ತಂಜಾವೂರು ಕಡೆಯ ಗಾಜಿನ ಚಿತ್ರಗಳನ್ನು ಗಾಜಿನ ಹಿಂಬದಿಯಲ್ಲಿ ಬರೆಯುತ್ತಿದ್ದರು. ಮಾದರಿಯನ್ನು ಹಾಗೇ ನಕಲು ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ. ಅಂಥ ಚಿತ್ರದಲ್ಲಿ ಎಡಗೈಯಲ್ಲಿ ಮೀಟುವವರು ಕಂಡರೆ, ಅವರು ಎಡಚರು ಅಂತ ಆತುರದಲ್ಲಿ ತೀರ್ಮಾನಿಸಬಾರದು.

ಎಲ್ಲ ಚಿತ್ರದಲ್ಲೂ ಹೆಸರು ಹುಡುಕಲೇಬೇಕು ಅಂತಲೂ ಅಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮ 1889ರಲ್ಲಿ ಬರೆದ ಹನ್ನೊಂದು ಮಂದಿ ಸಂಗೀತಗಾರ್ತಿಯರ ಚಿತ್ರ ಇದೆ. ಬೇರೆ ಬೇರೆ ಪ್ರಾಂತ್ಯಗಳ ಉಡುಪು, ಒಂದೇ ಗುಂಪು. ಅದು ಹಿಂದುಸ್ತಾನದ ಬಗೆಬಗೆಯ ಹೆಣ್ಣುಮಕ್ಕಳನ್ನು ಒಟ್ಟಿಗೆ ತೋರಿಸುವ ಚಿತ್ರ, ಹನ್ನೊಂದು ಕಲಾವಿದೆಯರ ಭಾವಚಿತ್ರ ಅಲ್ಲ. ಅಲ್ಲಿ ಹೆಸರು ಹುಡುಕುವುದು ವ್ಯರ್ಥ. ವಾದ್ಯ ಹುಡುಕುವುದು ವ್ಯರ್ಥ ಅಲ್ಲ. ವೀಣೆ ಶೇಷಣ್ಣನವರ (1852–1926) ವಿಷಯ ಬೇರೆ. ಅವರು ನಿಜವಾದ ಒಬ್ಬ ಮನುಷ್ಯ, ಮುಖ ನೋಡಿ ಹೋಲಿಸಬಹುದು. ಚಿತ್ರಗಾರ ಕೆ. ವೆಂಕಟಪ್ಪ (1886–1965) ಶೇಷಣ್ಣನವರಲ್ಲೇ ವೀಣೆ ಕಲಿತರು. ತಾನೇ ನುಡಿಸಬಲ್ಲ ಚಿತ್ರಗಾರ ಬರೆದ ವಾದ್ಯವನ್ನು ನಾನು ಹೆಚ್ಚು ನಂಬುತ್ತೇನೆ.

ಹೊರದೇಶಗಳಲ್ಲಿ ಇದನ್ನು ಒಂದು ಶಿಸ್ತಾಗಿಯೇ ಬೆಳೆಸಿದ್ದಾರೆ. ಚಿತ್ರ, ಶಿಲ್ಪಗಳಲ್ಲಿರುವ ಸಂಗೀತವನ್ನು ಪಟ್ಟಿ ಮಾಡುವ ರಿಡಿಮ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ 1971ರಲ್ಲೇ ಹುಟ್ಟಿತು. ನಮಗೆ ಅಷ್ಟು ದೊಡ್ಡದು ಸದ್ಯಕ್ಕೆ ಬೇಡ. ರಾಜ್ಯದ ಸಂಗ್ರಹಾಲಯಗಳಲ್ಲಿ ಸಂಗೀತ ಇರುವ ಚಿತ್ರಗಳ ಒಂದು ಪಟ್ಟಿ ಮಾಡಿಸಿ. ಮೈಸೂರಿನ ವೈಣಿಕರು, ಧಾರವಾಡದ ಸಿತಾರ್ ಕಲಾವಿದರು, ನಮಗೆ ಹತ್ತಿರದ ಮಿರಜಿನ ತಂಬೂರಿ ಮಾಡುವ ಕುಶಲಿಗಳು, ಊರೂರ ಮೇಳದವರು, ಇವರನ್ನು ಕಲಾ ಇತಿಹಾಸ ಬಲ್ಲವರ ಜೊತೆ ಚಿತ್ರದ ಮುಂದೆ ಕೂರಿಸಿ. ಒಬ್ಬರ ಮಾತು ಇನ್ನೊಬ್ಬರು ತಿದ್ದಲಿ, ಜಗಳ ಆದರೂ ಪರವಾಗಿಲ್ಲ. ಫಲಕದಲ್ಲಿ ಹೆಸರಿನ ಜೊತೆ ಅದು ಗೊತ್ತಾದದ್ದು ಹೇಗೆ ಅಂತಲೂ ಒಂದು ಸಾಲು ಇರಲಿ: ಚಿತ್ರದ ಮೇಲಿನ ಬರಹದಿಂದಲೋ, ಮನೆತನದವರು ಹೇಳಿದ್ದೋ, ವಾದ್ಯ ನೋಡಿ ಊಹಿಸಿದ್ದೋ. ಗುರುತು ಹೇಳಲು ಬಂದವರ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಹಾಕಿಸಿ, ಬಸ್ ಚಾರ್ಜು ಕೊಡಿಸಿ.

ಇನ್ನೊಂದು ಕೋರಿಕೆ ನಮ್ಮೂರಿನದು. ಪ್ರಾಗ್ ಮತ್ತು ಲಂಡನ್ನಿಗೆ ಸರ್ಕಾರದ ಕಡೆಯಿಂದ ಪತ್ರ ಬರೆದು, ಇಬ್ರಾಹಿಂನ ಆ ಎರಡು ಚಿತ್ರಗಳ ಒಳ್ಳೆಯ ಪ್ರತಿಗಳನ್ನು ತರಿಸಿ ವಿಜಯಪುರದಲ್ಲಿ ಇಡಿಸಿ. ಇಬ್ರಾಹಿಂ ರೋಜಾ ನೋಡಲು ಬರುವ ಶಾಲೆ ಮಕ್ಕಳು ಗೋರಿ ನೋಡಿ ವಾಪಸ್ ಹೋಗುತ್ತಾರೆ. ಅಲ್ಲಿ ಮಲಗಿರುವವನು ತಂಬೂರ್ ನುಡಿಸುತ್ತಿದ್ದ, ಚಿಪಳಿ ಹಿಡಿಯುತ್ತಿದ್ದ ಅಂತ ಅವರಿಗೆ ತೋರಿಸಲು ನಮ್ಮ ಮಾಸ್ತರರ ಕೈಯಲ್ಲಿ ಈಗ ಏನೂ ಇಲ್ಲ. ಪ್ರತಿಗಳು ಬಂದ ದಿನ ಫಲಕದ ಕರಡನ್ನು ಮೊದಲು ನಮ್ಮ ಮೇಳಕ್ಕೂ ಕಳಿಸಿ. ನೋಡಿ, ಒಂದು ವಾರದಲ್ಲಿ ತಿರುಗಿ ಕಳಿಸುತ್ತೇವೆ.

ಇಂತಿ,
ಓಣಿಯ ಭಜನಾ ಮೇಳದ ಚಿಪಳಿಯವ
ವಿಜಯಪುರ