ಟಿರಾಡ್ಸ್ 4 ಅಂದರೆ ನಾಲ್ಕನೇ ಸ್ಟೇಜ್ ಅಲ್ಲ

ಮಾನ್ಯ ಸಂಪಾದಕರೇ,

ಕಾರಟಗಿಯಲ್ಲಿರುವ ನಮ್ಮಕ್ಕ ಮೈದುನನ ಮದುವೆಗೆ ಬೋರಮಾಳ ಸರ ಹಾಕಿಕೊಳ್ಳುವಾಗ ಕುತ್ತಿಗೆಯಲ್ಲಿ ಶೇಂಗಾ ಬೀಜದಷ್ಟು ಗಂಟು ಕೈಗೆ ತಾಗಿತು. ನೋವಿಲ್ಲ, ನುಂಗಲು ತೊಂದರೆಯಿಲ್ಲ. ಮದುವೆ ಮುಗಿದ ಮೇಲೆ ಥೈರಾಯ್ಡ್ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನಿಂಗ್ ಸೆಂಟರಿನ ಹೆಸರು ಬೇಡ. ಎಲ್ಲ ಕಡೆ ನಡೆಯುವುದೇ ಅಲ್ಲೂ ನಡೆಯಿತು. ರಿಪೋರ್ಟನ್ನು ಕವರಿಗೆ ಹಾಕಿ, ‘ಡಾಕ್ಟರಿಗೆ ತೋರಿಸಿ’ ಅಂದರು. ಅವತ್ತು ಗುರುವಾರ. ಡಾಕ್ಟರು ಸಿಗುವುದು ಸೋಮವಾರ.

ಅಕ್ಕನ ಮಗ ಬಸ್‌ಸ್ಟ್ಯಾಂಡಿನಲ್ಲೇ ಕವರ್ ಬಿಚ್ಚಿದ. ಇಡೀ ರಿಪೋರ್ಟು ಇಂಗ್ಲಿಷಿನಲ್ಲಿ. ಹೈಪೋಎಕೋಯಿಕ್ ಸಾಲಿಡ್ ನಾಡ್ಯೂಲ್, 12 ಮಿ.ಮೀ., ಟಿರಾಡ್ಸ್ 4. ಫೋನಿನಲ್ಲಿ ಹುಡುಕಿದರೆ ಕ್ಯಾನ್ಸರ್ ‘ಸಂಶಯ’ ಅಂತ ಬಂತು. ‘ನಾಲ್ಕು ಅಂದ್ರೆ ನಾಲ್ಕನೇ ಸ್ಟೇಜಾ?’ ಅಂತ ಅಕ್ಕ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಆ ನಾಲ್ಕು ದಿನದಲ್ಲಿ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಯಿತು, ಯಾವ ಬಂಗಾರ ಅಡವಿಡಬೇಕು ಅಂತ ಲೆಕ್ಕ ಹಾಕಿದ್ದೂ ಆಯಿತು.

ಸೋಮವಾರ ಬಳ್ಳಾರಿಯ ಡಾಕ್ಟರು ರಿಪೋರ್ಟ್ ನೋಡಿ, ಅದೇ ಕವರಿನ ಹಿಂದೆ ಪೆನ್ನಿನಲ್ಲಿ ಚಿತ್ರ ಬರೆದು ಹೇಳಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ನಮ್ಮಂತೆ ಕವರ್ ಹಿಡಿದು ಕೂತವರು ಇರಬಹುದು ಅಂತ ಅದನ್ನೇ ಬರೆಯುತ್ತಿದ್ದೇನೆ.

ಆನೆಗುಂದಿ ಬೆಟ್ಟದಲ್ಲಿ ಕೂಗಿದರೆ ದನಿ ವಾಪಸ್ ಬರುತ್ತದಲ್ಲ, ಸ್ಕ್ಯಾನ್ ಮಾಡುವುದೂ ಹಾಗೇ. ಯಂತ್ರ ಕಳಿಸಿದ ಶಬ್ದ ಜಾಸ್ತಿ ವಾಪಸ್ ಬಂದ ಜಾಗ ಬೆಳ್ಳಗೆ, ಕಡಿಮೆ ಬಂದ ಜಾಗ ಕಪ್ಪಗೆ ಕಾಣುತ್ತದೆ. ಆರೋಗ್ಯವಂತ ಥೈರಾಯ್ಡ್ ಒಂದೇ ಸಮ ತಿಳಿ ಬೂದಿ ಬಣ್ಣ. ಅದಕ್ಕಿಂತ ಕಪ್ಪಗಿರುವ ಗಂಟೇ ಹೈಪೋಎಕೋಯಿಕ್. ಕಪ್ಪು ಅಂದ ತಕ್ಷಣ ಹೆದರಬೇಕಿಲ್ಲ. ಒಳಗೆ ಬರೀ ನೀರಿದ್ದರೆ ಗಂಟು ಕಾಡಿಗೆಯಷ್ಟು ಕಪ್ಪು, ಅದು ನಿರುಪದ್ರವಿ. ಸೆಟ್ ದೋಸೆಯ ಹಾಗೆ ತುಂಬ ಸಣ್ಣ ಸಣ್ಣ ತೂತು ಕಂಡರೂ ಚಿಂತೆಯಿಲ್ಲ. ಒಳಗೆಲ್ಲ ಗಟ್ಟಿಯಿದ್ದು ಕಪ್ಪಗಿದ್ದರೆ ಸ್ವಲ್ಪ ಕಣ್ಣಿಡಬೇಕು. ಆಮೇಲೆ ಶೇಂಗಾ ಬೀಜ ಮಲಗಿದೆಯೋ ನಿಂತಿದೆಯೋ ನೋಡುತ್ತಾರೆ. ಅಡ್ಡ ಮಲಗಿದ್ದರೆ ಒಳ್ಳೆಯದು. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ ನಿಂತಂತೆ ಕಂಡರೆ ಸಂಶಯ. ಅಂಚು ನುಣುಪೋ ಒರಟೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಒಳಗೆ ಉಪ್ಪಿನ ಹರಳಿನಂಥ ಸಣ್ಣ ಬಿಳಿ ಚುಕ್ಕೆಗಳಿದ್ದರೂ ಸಂಶಯವೇ. ಆದರೆ ಚುಕ್ಕೆಯ ಹಿಂದೆ ಧೂಮಕೇತುವಿನ ಹಾಗೆ ದೊಡ್ಡ ಬಾಲ ಇದ್ದರೆ ಭಯವಿಲ್ಲ.

ಈ ಐದಕ್ಕೂ ಅಂಕ ಕೊಡುತ್ತಾರೆ. ಅಮೆರಿಕದ ರೇಡಿಯಾಲಜಿ ಕಾಲೇಜು, ಅಂದರೆ ಅಲ್ಲಿನ ಸ್ಕ್ಯಾನ್ ಡಾಕ್ಟರುಗಳ ಸಂಘ, 2017ರಲ್ಲಿ ತಂದ ಈ ಪದ್ಧತಿಯ ಹೆಸರೇ ಟಿರಾಡ್ಸ್. ಶಾಲೆ ಪರೀಕ್ಷೆಗೆ ಉಲ್ಟಾ, ಇಲ್ಲಿ ಕಡಿಮೆ ಬಂದವರೇ ಪಾಸು. ಅಕ್ಕನ ಗಂಟಿಗೆ ಗಟ್ಟಿ ಅಂತ 2, ಕಪ್ಪು ಅಂತ 2. ಮಲಗಿದೆ, ಅಂಚು ನುಣುಪು, ಚುಕ್ಕೆಯಿಲ್ಲ, ಹಾಗಾಗಿ ಉಳಿದದ್ದೆಲ್ಲ ಸೊನ್ನೆ. 4ರಿಂದ 6 ಅಂಕ ಬಂದರೆ ಟಿರಾಡ್ಸ್ 4. ಸ್ಟೇಜ್ ಅನ್ನುವ ಮಾತು ಬರುವುದು ಕ್ಯಾನ್ಸರ್ ಖಚಿತವಾದ ಮೇಲೆ. ಈ 4ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈ ಗುಂಪಿನಲ್ಲಿ ಗಂಟು 15 ಮಿ.ಮೀ. ಮುಟ್ಟಿದರೆ ಸೂಜಿ ಚುಚ್ಚಿ ಒಳಗಿನದನ್ನು ಸ್ವಲ್ಪ ತೆಗೆದು ಪರೀಕ್ಷೆ, 10 ಮುಟ್ಟಿದ್ದರೆ ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್. ಅಕ್ಕನದು 12. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆಯೂ ಸರಿ ಇತ್ತು. ‘ಮುಂದಿನ ವರ್ಷ ಬನ್ನಿ. ಗಂಟು ಬೇಗ ಬೆಳೆದರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ ಮಾತ್ರ ಕಾಯಬೇಡಿ’ ಅಂದು ಕಳಿಸಿದರು.

ಹಾಗಂತ ಎಲ್ಲರೂ ಹೋಗಿ ಸುಮ್ನೆ ಕುತ್ತಿಗೆ ಸ್ಕ್ಯಾನ್ ಮಾಡಿಸಿ ಅಂತ ನಾನು ಹೇಳುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿಸಿ, 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 15 ಪಟ್ಟು ಏರಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ನಮ್ಮ ಊರುಗಳಲ್ಲೂ ಈಗ ಫುಲ್ ಬಾಡಿ ಚೆಕಪ್ ಬ್ಯಾನರ್ ಜಾಸ್ತಿಯಾಗಿವೆ, ಅದಕ್ಕೇ ಈ ಮಾತು.

ನಾನು ಕೇಳುವುದು ಸಣ್ಣದು. ಎಲ್ಲ ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೂ ‘ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ’ ಅಂತ ಕನ್ನಡದಲ್ಲಿ ದಪ್ಪ ಅಕ್ಷರದ ಬೋರ್ಡು ಇರುತ್ತದೆ. ಕಾನೂನು ಹೇಳಿದ್ದಕ್ಕೆ ಗೋಡೆಗೆ ಕನ್ನಡ ಬಂತು, ರಿಪೋರ್ಟಿಗೆ ಯಾಕೆ ಬರಬಾರದು? ಪೂರ್ತಿ ಬೇಡ. ಕೆಳಗೆ ಎರಡು ಸಾಲು ಸಾಕು: ಈ ನಂಬರ್ ಅಂದರೆ ಏನು, ಮುಂದೆ ಏನು ಮಾಡಬೇಕು. ಒಮ್ಮೆ ಟೈಪ್ ಮಾಡಿಟ್ಟುಕೊಂಡರೆ ಆಯಿತು, ದಿನಾ ಬರೆಯುವ ಕೆಲಸವೂ ಇಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯ ರೇಡಿಯಾಲಜಿ ಡಾಕ್ಟರುಗಳಲ್ಲಿ ಯಾರಾದರೂ ಒಬ್ಬರು ಶುರು ಮಾಡಿದರೂ ಸಾಕು, ಗುರುವಾರ ಕವರ್ ತೆಗೆದುಕೊಂಡವರು ಸೋಮವಾರದವರೆಗೆ ನಿದ್ದೆ ಮಾಡುತ್ತಾರೆ.

ಒಬ್ಬ ಓದುಗ
ಗಂಗಾವತಿ, ಕೊಪ್ಪಳ ಜಿಲ್ಲೆ