ಚೇಳಿನ ವಿಷ ಮತ್ತು ನರಕೋಶದ ಬಾಗಿಲು

ಮಾನ್ಯ ಸಂಪಾದಕರೇ,

ಚೇಳಿನ ಕಡಿತದ ಕುರಿತು ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಜೋಳದ ರಾಶಿ ಮುಗಿಸಿ ಕಣಿಕೆಯ ಬಣವಿ ಒಟ್ಟುವ ಈ ದಿನಗಳಲ್ಲಿ ಅದು ಬೇಕಾದ ಬರಹವೇ. ಆದರೆ ‘ನರದಲ್ಲಿ ಹರಿಯುವ ಕರೆಂಟನ್ನು ವಿಷವು ಶಾರ್ಟ್ ಮಾಡುತ್ತದೆ’ ಎಂಬ ವಿವರಣೆ ಸರಿಯಿಲ್ಲ. ಜೊತೆಗಿನ ಚಿತ್ರದಲ್ಲಿ ಸೋಡಿಯಂ ನರಕೋಶದ ಒಳಗೂ ಪೊಟ್ಯಾಸಿಯಂ ಹೊರಗೂ ಹೆಚ್ಚಾಗಿರುವಂತೆ ತೋರಿಸಲಾಗಿದೆ. ಇರುವುದು ಅದಕ್ಕೆ ತದ್ವಿರುದ್ಧ.

ಈ ಏರುಪೇರನ್ನು ಕಾಯುವುದು ಪೊರೆಯಲ್ಲಿರುವ ಒಂದು ಪಂಪು. ಅದು ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಪೊರೆಯ ವಿಭವವೆಲ್ಲ, ಅಂದರೆ ಅದರ ಒಳಹೊರಗಿನ ವಿದ್ಯುತ್ ವ್ಯತ್ಯಾಸವೆಲ್ಲ, ಈ ಪಂಪಿನಿಂದಲೇ ಹುಟ್ಟುತ್ತದೆಂದು ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಪಿಯು ಉಪನ್ಯಾಸಕನಾಗಿ ನಾನೂ ಬಹುಕಾಲ ಅದಕ್ಕೆ ಅಂಕ ಕೊಟ್ಟವನೇ. ಆದರೆ ಪಂಪಿನ ನೇರ ಪಾಲು ಕೆಲವೇ ಮಿಲಿವೋಲ್ಟ್. ನರಕೋಶ ಸುಮ್ಮನಿರುವಾಗಲೂ ಪೊರೆಯ ಬಾಗಿಲುಗಳಂತಿರುವ ಕೆಲವು ಪೊಟ್ಯಾಸಿಯಂ ಚಾನೆಲ್‌ಗಳು ತೆರೆದೇ ಇರುತ್ತವೆ. ಅವುಗಳ ಮೂಲಕ ಪೊಟ್ಯಾಸಿಯಂ ಹೊರಗೆ ಜಿನುಗುತ್ತ ತನ್ನ ಧನ ಆವೇಶವನ್ನೂ ಒಯ್ಯುವುದರಿಂದ ಒಳಭಾಗವು ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗುತ್ತದೆ, ಆ ಋಣ ಆವೇಶವೇ ಉಳಿದ ಪೊಟ್ಯಾಸಿಯಂ ಅನ್ನು ಒಳಗೆ ಹಿಡಿದಿಡುತ್ತದೆ.

ಪ್ರಚೋದನೆ ಸಾಕಷ್ಟು ಬಲವಾಗಿದ್ದರೆ ಸೋಡಿಯಂ ಚಾನೆಲ್‌ಗಳು ತೆರೆದುಕೊಂಡು, ಸೋಡಿಯಂ ಒಳನುಗ್ಗಿ, ಒಳಭಾಗ ಕ್ಷಣಮಾತ್ರ ಧನವಾಗುತ್ತದೆ. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಅವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ತುಸು ತಡವಾಗಿ ತೆರೆದ ಪೊಟ್ಯಾಸಿಯಂ ಚಾನೆಲ್‌ಗಳು ಮೊದಲಿನ ಸ್ಥಿತಿಯನ್ನು ಮರಳಿಸುತ್ತವೆ. ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಇದನ್ನು ಅಳೆದು 1952ರಲ್ಲಿ ಪ್ರಕಟಿಸಿದರು. ಅಯಾನುಗಳು ತಂತಿಯಲ್ಲಿನ ಕರೆಂಟಿನಂತೆ ನರದ ಉದ್ದಕ್ಕೂ ಓಡುವುದಿಲ್ಲ, ಪೊರೆಯನ್ನು ಅಡ್ಡಲಾಗಿ ದಾಟುತ್ತವೆ. ಒಂದೆಡೆಯ ಬದಲಾವಣೆ ಪಕ್ಕದ ಬಾಗಿಲನ್ನು ತೆರೆಸುತ್ತದೆ.

ಕೆಂಪು ಚೇಳಿನ ವಿಷ ಕೈ ಹಾಕುವುದು ಇಲ್ಲಿಯೇ. ಅದರಲ್ಲಿರುವ ಕೆಲವು ಸಣ್ಣ ಪ್ರೋಟೀನುಗಳು ತೆರೆದ ಸೋಡಿಯಂ ಚಾನೆಲ್ ಮುಚ್ಚದಂತೆ ತಡೆಯುತ್ತವೆ, ಐಬೀರಿಯೋಟಾಕ್ಸಿನ್ ಎಂಬ ಇನ್ನೊಂದು ಪ್ರೋಟೀನು ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್‌ಗೆ ಬಿರಡೆ ಹಾಕುತ್ತದೆ. ಹೀಗಾಗಿ ನರಗಳು ಬಿಡುವಿಲ್ಲದೆ ಸಂದೇಶ ಕಳಿಸುತ್ತವೆ, ಅಡ್ರಿನಲಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ, ಕೊನೆಗೆ ಪೆಟ್ಟು ಬೀಳುವುದು ಹೃದಯಕ್ಕೆ.

ಬೀಳಗಿ ಬಳಿಯ ನಮ್ಮ ಹೊಲದಲ್ಲಿ ಕಣಿಕೆಯ ಸಿವುಡು ಎತ್ತುತ್ತಿದ್ದ ಹುಡುಗನಿಗೆ ಚೇಳು ಕಡಿಯಿತು. ಬೆರಳಿಗೆ ಲಿಡೋಕೇನ್ ಎಂಬ ಮರಗಟ್ಟಿಸುವ ಮದ್ದು ಚುಚ್ಚಿದ ಕೆಲವೇ ನಿಮಿಷಗಳಲ್ಲಿ ನೋವು ಇಳಿದು, ಅವನು ಮನೆಗೆ ಹೊರಟು ನಿಂತ. ಆದರೆ ಅಂಗಿ ಬೆವರಿನಿಂದ ತೊಯ್ದಿತ್ತು, ಅಂಗೈ ತಣ್ಣಗಾಗಿತ್ತು. ಲಿಡೋಕೇನ್ ಬೆರಳಿನ ಸೋಡಿಯಂ ಚಾನೆಲ್‌ಗಳನ್ನು ಮಾತ್ರ ತಡೆದಿತ್ತು. ರಕ್ತಕ್ಕೆ ಸೇರಿದ ವಿಷದ ಕೆಲಸ ಮುಂದುವರಿದೇ ಇತ್ತು. ವೈದ್ಯರು ಅದನ್ನು ಗಮನಿಸಿ ಪ್ರಾಜೋಸಿನ್ ಮಾತ್ರೆ ಕೊಟ್ಟು ರಾತ್ರಿಯಿಡೀ ಅವನನ್ನು ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡರು. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಬಳಕೆಗೆ ತಂದ ಈ ಚಿಕಿತ್ಸೆ ಯಾವ ಚಾನೆಲ್ಲನ್ನೂ ಮುಚ್ಚುವುದಿಲ್ಲ. ಬಿಗಿದ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ಇಳಿಸುತ್ತದೆ. ನೋವು ಇಳಿದರೆ ಅಪಾಯ ಕಳೆಯಿತೆಂಬ ತಮ್ಮ ಲೇಖನದ ಸಾಲನ್ನು ನಾನು ಒಪ್ಪದಿರುವುದು ಇದಕ್ಕಾಗಿ.

ಆ ಚಿತ್ರವನ್ನು ನಮ್ಮಲ್ಲಿಯ ಮಕ್ಕಳು ಈಗಾಗಲೇ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದಾರೆ. ಆದ್ದರಿಂದ ತಿದ್ದಿದ ಚಿತ್ರವನ್ನು ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ಪ್ರಕಟಿಸಬೇಕೆಂದು ವಿನಂತಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಬಾಗಲಕೋಟೆ