ಮತಕ್ಕೆ ಬಸ್ಸು ಬಂತು, ಕೆಲಸಕ್ಕೆ ರಸೀದಿ ಬರಲಿಲ್ಲ: ಶಾಸಕರಿಗೊಂದು ಬಹಿರಂಗ ಪತ್ರ

ಯಾದಗಿರಿ ಜಿಲ್ಲೆಯ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ಸಾದರ ನಮಸ್ಕಾರಗಳು.

ತೊಗರಿ ರಾಶಿ ಮುಗಿಯುತ್ತಲೇ ನಮ್ಮೂರಿನವರು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ; ನಾನೂ ಅಲ್ಲಿ ಗಾರೆ ಕಲಸಿ ಬಂದವನೇ. ಆಗೆಲ್ಲ ಸುಮ್ಮನಿದ್ದೆ. ಈ ವರ್ಷದ್ದನ್ನು ನುಂಗಿಕೊಳ್ಳಲಾಗುತ್ತಿಲ್ಲ.

2024ರ ಏಪ್ರಿಲ್ 2ರಂದು ನನ್ನ ಮಗ ಮತ್ತು ಸೊಸೆ ಉದ್ಯೋಗ ಖಾತರಿ ಕೆಲಸ ಕೋರಿ ಪಂಚಾಯಿತಿಗೆ ನಮೂನೆ 6 ಕೊಟ್ಟರು. ಅರ್ಜಿಗೆ ದಿನಾಂಕ ಹಾಕಿದ ರಸೀದಿ ಕೊಡಬೇಕೆಂಬುದು, 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂಬುದು ಆಗಿನ 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿತ್ತು. ತಮಗೆ ಗೊತ್ತಿರದ ವಿಷಯವಲ್ಲ. ರಸೀದಿ ಕೇಳಿದರೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರು. ಅಂಥ ನಾಲ್ಕು ನಾಳೆಗಳು ಕಳೆದವು. ಹೋದ ವರ್ಷದ ಬರದ ಸಾಲ ತಲೆಯ ಮೇಲಿತ್ತು. 20ರಂದು ಅವರು ಇಬ್ಬರು ಮಕ್ಕಳೊಂದಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದರು. ಜೋಳದ ಹಿಟ್ಟಿನ ಚೀಲದ ಮೇಲೆ ಮೊಮ್ಮಗ ತನ್ನ ಪಾಟಿಚೀಲ ಇಟ್ಟುಕೊಂಡಿದ್ದ.

25ರಂದು ಎನ್‌ಎಂಆರ್ (ಕೂಲಿಕಾರರ ಹೆಸರಿರುವ ಹಾಜರಿ ಪಟ್ಟಿ) ಬಂತು, ಅದರಲ್ಲಿ ಇಬ್ಬರ ಹೆಸರೂ ಇತ್ತು. ಅರ್ಜಿ ಬಂದ ದಿನಾಂಕವೆಂದು ದಾಖಲಾದದ್ದು ಏಪ್ರಿಲ್ 22! ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಕೂತು ಅರ್ಜಿ ಗುಜರಾಯಿಸಿದರೇನೋ. ಭತ್ಯೆಯ ಮಾತೆತ್ತಿದರೆ ‘ಕೆಲಸ ಕೊಟ್ಟೀವಿ, ನಿಮ್ಮವರೇ ಬರಲಿಲ್ಲ, ಮುತ್ಯಾ’ ಎಂಬ ಉತ್ತರ ಸಿಕ್ಕಿತು. ಕೆಲಸವಿಲ್ಲದೆ ಊರು ಬಿಟ್ಟವರು ಸರ್ಕಾರದ ದಾಖಲೆಯಲ್ಲಿ ಕೆಲಸಗಳ್ಳರಾದರು.

ಮೇ 7ರ ಲೋಕಸಭಾ ಮತದಾನಕ್ಕೆ ಮಾತ್ರ ಅವರ ಶೆಡ್ಡಿನ ಬಾಗಿಲಿಗೇ ಬಸ್ಸು ಹೋಯಿತು. ಮತದಾರರ ಪಟ್ಟಿಯ ಕ್ರಮಸಂಖ್ಯೆ ಸಮೇತ ಮಗನಿಗೆ ಫೋನು ಬಂದಿತ್ತು, ದಾರಿಯಲ್ಲಿ ಊಟದ ಪೊಟ್ಟಣವೂ ಸಿಕ್ಕಿತಂತೆ. ಆ ದಿನ ಯಾವ ಸರ್ವರೂ ಕೆಟ್ಟಿರಲಿಲ್ಲ. ಮತ ಹಾಕಿ, ನನ್ನೊಡನೆ ಅರ್ಧ ತಾಸು ಕೂತು, ಅದೇ ಬಸ್ಸಿಗೆ ಮರಳಿದರು.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬಂದು ಹತ್ತು ವರ್ಷ ದಾಟಿದೆ. ಓದಿದ ಮಕ್ಕಳಿಗೆ ಸೀಟು, ನೌಕರಿ ಸಿಕ್ಕಿವೆ, ಸಂತೋಷ. ಗುದ್ದಲಿ, ಪುಟ್ಟಿ ಹಿಡಿದವರಿಗೆ ಊರಿನಲ್ಲಿರುವ ಆಸರೆ, 2024ರ ದರದಲ್ಲಿ ದಿನಕ್ಕೆ 349 ರೂಪಾಯಿಯ ಈ ಖಾತರಿ ಕೆಲಸ. ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ, ಸ್ವಾಮಿ. ಆದರೆ ಶಾಲೆ ತೆರೆದು ಮೂರು ವಾರವಾದರೂ ಮೊಮ್ಮಗ ಅಲ್ಲಿ ಕಟ್ಟಡದ ಬುಡದಲ್ಲಿ ತಂಗಿಯನ್ನು ಎತ್ತಿಕೊಂಡು ಕೂತಿದ್ದಾನೆ, ಇಲ್ಲಿ ಮಾಸ್ತರರು ಹಾಜರಿ ಪುಸ್ತಕ ಹಿಡಿದು ನನ್ನ ಮನೆಗೆ ಬಂದು ಹೋದರು.

ಅರ್ಜಿ ಕೊಟ್ಟ ದಿನವೇ ರಸೀದಿ ಕೊಡಿಸಿ. ಏಪ್ರಿಲ್ 2ರ ಅರ್ಜಿಯನ್ನು ಹುಡುಕಿಸಿ, ಸಲ್ಲಬೇಕಾದ ಭತ್ಯೆ ಕೊಡಿಸಿ. ಆ ಕಾಯ್ದೆಯಂತೆ ಮೊದಲ 30 ದಿನ ಅದು ಕೂಲಿಯ ಕನಿಷ್ಠ ಕಾಲು ಭಾಗ, ದೊಡ್ಡ ಮೊತ್ತವೇನಲ್ಲ. ಆದರೆ ನನ್ನ ಮಕ್ಕಳು ಕೆಲಸಗಳ್ಳರಲ್ಲ ಎಂಬುದಕ್ಕೆ ಅದೊಂದೇ ಪುರಾವೆ. ‘ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ’ ಎಂಬ ಉತ್ತರ ದಯವಿಟ್ಟು ಬೇಡ. ರಸೀದಿ ಕೊಡಿಸಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ